ಅರ್ಧ ಸೈಕಲ್ಲು ಮತ್ತು ಆಲ್ಪ್ಸ್ ಡಾಕ್ಟರು

ಅಮೆರಿಕಕ್ಕೆ ಬರುವ ನಮ್ಮವರ ಡಿಗ್ರಿ ಸರ್ಟಿಫಿಕೇಟನ್ನು ಹತ್ತು ಕಡೆ ಪರೀಕ್ಷಿಸುತ್ತಾರೆ, ಎದೆಯ ಎಕ್ಸ್‌ರೇ ತೆಗೆಯುತ್ತಾರೆ, ಬೆರಳಚ್ಚು ಒತ್ತಿಸಿಕೊಳ್ಳುತ್ತಾರೆ. ಬಾಲ್ಯವನ್ನು ಮಾತ್ರ ಯಾರೂ ಪರೀಕ್ಷಿಸುವುದಿಲ್ಲ. ಆದ್ದರಿಂದಲೇ ಲಾಸ್ ಏಂಜಲೀಸಿನ ಸುತ್ತಮುತ್ತಲಿನ ಕನ್ನಡಿಗರಲ್ಲಿ ರಾಜ್ಯದ ಕ್ರಿಕೆಟ್ ತಂಡಕ್ಕೆ ಸೇರುವುದು ಕೂದಲೆಳೆಯಲ್ಲಿ ತಪ್ಪಿದವರು, ತುಂಬಿ ಹರಿಯುವ ಕಾವೇರಿಯನ್ನು ಈಜಿ ದಾಟಿದವರು, ಕಾಲೇಜಿನಲ್ಲಿ ಗರಡಿ ಮನೆಗೆ ಹೋಗುತ್ತಿದ್ದವರು ಎಲ್ಲೆಂದರಲ್ಲಿ ಸಿಗುತ್ತಾರೆ. ಈಗ ಅವರಲ್ಲಿ ಯಾರಿಗೂ ಷೂ ಲೇಸು ಕಟ್ಟಿಕೊಳ್ಳಲು ಬಗ್ಗುವುದಕ್ಕಾಗುವುದಿಲ್ಲ, ಅದು ಬೇರೆ ಮಾತು. ನಾನು ಇವರಿಗಿಂತ ಪ್ರಾಮಾಣಿಕ ಎಂದು ಹೇಳಿಕೊಳ್ಳುವ ಆಸೆ ಇದೆ, ಆದರೆ ಸಾಧ್ಯವಿಲ್ಲ. ನಾನು ಮೈಸೂರಿನಲ್ಲಿದ್ದಾಗ ದಿನಾ ಬೆಳಿಗ್ಗೆ ಚಾಮುಂಡಿ ಬೆಟ್ಟವನ್ನು ಸೈಕಲ್ಲಿನಲ್ಲಿ ಹತ್ತುತ್ತಿದ್ದವನು. ಹತ್ತಿದ್ದು ನಿಜ. ಒಂದೇ ಸಲ, ಬಸ್ಸಿನಲ್ಲಿ.

ಈ ಸುಳ್ಳು ನನ್ನ ಬಾಯಿಂದ ಬಿದ್ದದ್ದು ಸೆರಿಟೋಸಿನ ಪಾರ್ಕೊಂದರಲ್ಲಿ ನಡೆದ ಪಿಕ್‌ನಿಕ್ಕಿನಲ್ಲಿ, ಅದಕ್ಕೆ ಕಾರಣ ಡಾಕ್ಟರ್ ರಾಮಸ್ವಾಮಿ. ಅವರು ರೋಗಿಗಳ ಪ್ರಜ್ಞೆ ತಪ್ಪಿಸುವ ಅನಸ್ತೇಷಿಯಾ ಡಾಕ್ಟರು. ಆಪರೇಷನ್ ಥಿಯೇಟರಿನಲ್ಲಿ ಔಷಧಿಯಿಂದ ಮಾಡುವ ಕೆಲಸವನ್ನು ಹೊರಗೆ ಮಾತಿನಿಂದಲೇ ಮಾಡಬಲ್ಲರು. ಆ ಬೇಸಿಗೆಯಲ್ಲಿ ಅವರು ಯಾವುದೋ ಕಾನ್ಫರೆನ್ಸಿಗೆಂದು ಸ್ವಿಟ್ಜರ್ಲೆಂಡಿಗೆ ಹೋಗಿ ನಾಲ್ಕು ದಿನ ಇದ್ದು ಬಂದಿದ್ದರು. ಬಂದ ಮೇಲೆ ಅವರ ಯಾವ ವಾಕ್ಯವೂ 'ಆಲ್ಪ್ಸ್‌ನಲ್ಲಿ' ಎಂದಲ್ಲದೆ ಶುರುವಾಗುತ್ತಿರಲಿಲ್ಲ. ಮೊಸರನ್ನ ಬಡಿಸಿದರೆ ಆಲ್ಪ್ಸ್‌ನ ಹಸುಗಳು ನೆನಪಾಗುತ್ತಿದ್ದವು. ಐಸ್ ಪೆಟ್ಟಿಗೆ ತೆರೆದರೆ ಹಿಮ.

"ಆಲ್ಪ್ಸ್‌ನಲ್ಲಿ ಒಂದು ವ್ಯಾಲಿ ಇದೆ ನೋಡಿ," ಎಂದು ಅವತ್ತು ಶುರು ಮಾಡಿದರು. "ಎರಡೂ ಕಡೆ ಹಿಮದ ಬೆಟ್ಟ, ಮಧ್ಯೆ ಹಸು ಓಡಾಡೋ ಕಾಲುದಾರಿ. ಆ ದಾರೀಲೇ ಮೌಂಟನ್ ಬೈಕ್ ಹೊಡೀತಾರೆ! ಏನ್ ತಿರುವು, ಏನ್ ಇಳಿಜಾರು! ನೀವೆಲ್ಲ ಇಲ್ಲಿ ಲಾನ್ ಮೋವರ್ ತಳ್ಕೊಂಡು ಎಕ್ಸರ್‌ಸೈಜ್ ಮಾಡಿದ್ವಿ ಅಂತೀರ."

ಹಿಂದಿನ ದಿನವಷ್ಟೇ ನಾನು ಮನೆಯ ಮುಂದಿನ ಹುಲ್ಲು ಕತ್ತರಿಸಲು ಲಾನ್ ಮೋವರ್ ತಳ್ಳಿ ಹಾಗೆಂದಿದ್ದೆ. ಸಿಟ್ಟು ಬಂತು. "ಅದೇನು ಮಹಾ ಡಾಕ್ಟ್ರೇ, ಚಾಮುಂಡಿ ಬೆಟ್ಟಾನ ನಾನು ಗೇರಿಲ್ಲದ ಸೈಕಲ್ಲಲ್ಲಿ ದಿನಾ ಹತ್ತುತಾ ಇದ್ದೆ," ಎಂದುಬಿಟ್ಟೆ. ಸುತ್ತಲಿದ್ದ ಹತ್ತು ಹನ್ನೆರಡು ಜನ ಬಿಸಿಬೇಳೆಬಾತಿನಿಂದ ತಲೆಯೆತ್ತಿ ನನ್ನ ಹೊಟ್ಟೆಯ ಕಡೆ ನೋಡಿದರು. ಡಾಕ್ಟರು ನನ್ನ ಕೈ ಕುಲುಕಿ, "ಹಾಗಾದ್ರೆ ಬರೋ ತಿಂಗಳು ಒಂದು ಶನಿವಾರ, ನೀವಿರೋ ವುಡ್‌ಲ್ಯಾಂಡ್ ಹಿಲ್ಸ್ ಹಿಂದಿನ ಗುಡ್ಡ. ನಾವಿಬ್ಬರೇ," ಎಂದರು. ಅಷ್ಟು ಜನರ ಮುಂದೆ ಕೈ ಬಿಡಿಸಿಕೊಳ್ಳುವುದು ಹೇಗೆ?

ಮರುವಾರ ಮೌಂಟನ್ ಬೈಕ್ ತಂದೆ. ಮಡ್‌ಗಾರ್ಡ್ ಇಲ್ಲ, ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಬೆಲ್ಲೂ ಇಲ್ಲ. ನಮ್ಮೂರಲ್ಲಿ ಇಷ್ಟೆಲ್ಲ ಕಳಚಿಹೋದ ಸೈಕಲ್ಲುಗಳನ್ನು ಪೊಲೀಸ್ ಠಾಣೆಯ ಹಿಂದೆ ಮಾತ್ರ ನೋಡಬಹುದಿತ್ತು. ನನ್ನ ಹೆಂಡತಿ ಸರೋಜಾ ಧಾರವಾಡದವಳು. ಗರಾಜಿನ ಬಾಗಿಲಲ್ಲಿ ನಿಂತು ಅದನ್ನು ಸುತ್ತಲೂ ನೋಡಿ, "ಏನ್ರೀ ಇದು, ಅರ್ಧಾ ಸೈಕಲ್ ತಂದೀರಿ? ಉಳದದ್ದು ನಾಳೆ ಬರ್ತದೇನು?" ಎಂದು ಕೇಳಿದಳು. ಇದು ಹೊಸ ಕಾಲದ ಎಂಜಿನಿಯರಿಂಗ್, ನಿನಗೆ ಅರ್ಥವಾಗುವುದಿಲ್ಲ ಎಂದು ಗೇರುಗಳ ಬಗ್ಗೆ ಕಾಲು ಗಂಟೆ ಉಪನ್ಯಾಸ ಮಾಡಿದೆ. ಅವಳು ಕೇಳಿಸಿಕೊಂಡು ಒಳಗೆ ಹೋದಳು. ಜೊತೆಗೆ ತಂದಿದ್ದ ಹಳದಿ ಕಪ್ಪು ಪಟ್ಟೆಯ ಬಿಗಿ ಅಂಗಿಯನ್ನು ತೊಟ್ಟು ನೋಡಿದಾಗ ಮಗಳು ಶುಭಾ ಪುಸ್ತಕದಿಂದ ತಲೆಯೆತ್ತಿ, "ಅಪ್ಪಾ, ಯೂ ಲುಕ್ ಲೈಕ್ ಎ ಬೀ," ಎಂದು ನನ್ನನ್ನು ಜೇನುಹುಳ ಮಾಡಿ ಮತ್ತೆ ಪುಸ್ತಕಕ್ಕೆ ಹೋದಳು. ಮೂರು ವಾರ ಮನೆಯ ಮುಂದಿನ ರಸ್ತೆಯಲ್ಲಿ ಅಭ್ಯಾಸ ಮಾಡಿದೆ. ರಸ್ತೆ ಬಲು ಚೆನ್ನಾಗಿತ್ತು, ಅಂಗೈಯಷ್ಟು ಸಮ.

ಆ ಶನಿವಾರ ಬೆಳಿಗ್ಗೆ ಎಂಟಕ್ಕೆ ಗುಡ್ಡದ ಬುಡದ ಪಾರ್ಕಿಂಗಿನಲ್ಲಿ ಸೇರಿದೆವು. ಡಾಕ್ಟರು ತಲೆಗೆ ಹೆಲ್ಮೆಟ್, ಮೊಣಕಾಲಿಗೆ ಪ್ಯಾಡು, ಕಣ್ಣಿಗೆ ಕಪ್ಪು ಕನ್ನಡಕ, ಕೈಗೆ ಬೆರಳಿಲ್ಲದ ಗ್ಲೌಸು ಹಾಕಿ ಬಂದಿದ್ದರು. ಅದೆಲ್ಲದರೊಳಗೆ ಅವರು ಎಲ್ಲಿದ್ದಾರೆಂದು ಹುಡುಕಬೇಕಾಗಿತ್ತು. ಹತ್ತು ಗಂಟೆಗೆ ಇಳಿದು ಬಂದು ಎಲ್ಲರೂ ಕೂತು ತಿಂಡಿ ತಿನ್ನುವುದು ಎಂದು ಗೊತ್ತುಮಾಡಿದ್ದರಿಂದ ಸರೋಜಾ ಮತ್ತು ಡಾಕ್ಟರ ಹೆಂಡತಿ ಲೀಲಾ ಅಲ್ಲೇ ಮರದಡಿ ಜಮಖಾನ ಹಾಸಿದರು. ತೂಕ ಹೆಚ್ಚಾಗಬಾರದು ಎಂಬ ಡಾಕ್ಟರ ಸಲಹೆಯಂತೆ ಒಬ್ಬೊಬ್ಬರು ಒಂದೊಂದೇ ಸಣ್ಣ ಬಾಟಲಿ ನೀರು ತೆಗೆದುಕೊಂಡು ಹೊರಟೆವು. ಅವರ ಹೊಟ್ಟೆ, ನನ್ನ ಹೊಟ್ಟೆ ಎರಡನ್ನೂ ಆ ಲೆಕ್ಕಕ್ಕೆ ಸೇರಿಸಿರಲಿಲ್ಲ.

ಕಾಡಿಗೆ ಬೆಂಕಿ ಬಿದ್ದಾಗ ಅಗ್ನಿಶಾಮಕ ಲಾರಿಗಳು ಹೋಗಲೆಂದು ಮಾಡಿದ ಮಣ್ಣಿನ ರಸ್ತೆ ಅದು. ಮೊದಲ ತಿರುವಿನವರೆಗೆ, ಅಂದರೆ ಹೆಂಡತಿಯರ ಕಣ್ಣಿಗೆ ಕಾಣುವಷ್ಟು ದೂರ, ಇಬ್ಬರೂ ವೀರರಂತೆ ಹತ್ತಿದೆವು. ತಿರುಗಿದ ಕೂಡಲೇ ಡಾಕ್ಟರು ಇಳಿದು, "ಸೀನರಿ ನೋಡೋಣ," ಎಂದರು. ನಾನೂ ಇಳಿದು ಸೀನರಿ ನೋಡಿದೆ. ಅಲ್ಲಿಂದ ಮುಂದೆ ನಾವು ಸೀನರಿಯನ್ನೇ ನೋಡುತ್ತಾ ಸೈಕಲ್ಲು ತಳ್ಳಿದೆವು. ವಾಪಸು ಹೋಗೋಣ ಎಂಬ ಮಾತು ಇನ್ನೊಬ್ಬರ ಬಾಯಿಂದ ಬರಲಿ ಎಂದು ಇಬ್ಬರೂ ಕಾದೆವು. ಹೀಗೆ ಒಬ್ಬರಿಗೊಬ್ಬರು ಹೆದರಿಕೊಂಡೇ ಎರಡು ಮೈಲಿ ಮೇಲೆ ಹೋದೆವು. ಅಷ್ಟರಲ್ಲಿ ನೀರು ಮುಗಿದಿತ್ತು, ಬಿಸಿಲು ನೆತ್ತಿಗೆ ಬರುತ್ತಿತ್ತು. ಕಲ್ಲಿಗೆ ಎಡವಿ ಡಾಕ್ಟರ ಕಾಲು ಉಳುಕಿತು. ನನ್ನ ಎರಡೂ ಮೀನಖಂಡಗಳು ಸೆಟೆದುಕೊಂಡವು. ಒಂದು ಓಕ್ ಮರದ ಕೆಳಗೆ ಕುಸಿದು ಕೂತೆವು.

ಆಗ ಬಿಳಿ ಕೂದಲಿನ ಅಮೆರಿಕನ್ ಹೆಂಗಸೊಬ್ಬರು ಸೈಕಲ್ಲಿನಲ್ಲಿ ಹತ್ತಿಕೊಂಡು ಬಂದರು. ಎಪ್ಪತ್ತರ ಹತ್ತಿರದ ವಯಸ್ಸು. ನಮ್ಮನ್ನು ನೋಡಿ ನಿಲ್ಲಿಸಿ, ನೀರು ಬೇಕೇ ಎಂದು ಕೇಳಿದರು. ಓದುಗರೇ, ನಾಲಿಗೆ ಅಂಗುಳಕ್ಕೆ ಅಂಟಿತ್ತು. ಆದರೂ ನಾವಿಬ್ಬರೂ ಒಂದೇ ದನಿಯಲ್ಲಿ, ಈಗ ತಾನೇ ಕುಡಿದೆವು, ಥ್ಯಾಂಕ್ಸ್ ಎಂದೆವು. ಡಾಕ್ಟರು ಜೊತೆಗೆ ಆಲ್ಪ್ಸ್ ಬಗ್ಗೆಯೂ ನಾಲ್ಕು ಮಾತು ಹೇಳಿದರು. ಆಕೆ ತಲೆಯಾಡಿಸಿ ಮೇಲೆ ಹೋದರು. ಸ್ವಲ್ಪ ಹೊತ್ತಿಗೆ ಇಳಿದು ನಮ್ಮ ಮುಂದೆಯೇ ಗಾಳಿಯಂತೆ ಕೆಳಗೆ ಹೋದರು.

ಹನ್ನೊಂದೂವರೆ ಆಗಿರಬೇಕು, ಡಾಕ್ಟರು ಮಾತು ನಿಲ್ಲಿಸಿದರು. ನನಗೆ ನಿಜವಾಗಿ ಭಯವಾದದ್ದು ಆಗ. ಮುಖ ಕೆಂಪೇರಿತ್ತು, ಬೆವರು ನಿಂತಿತ್ತು, ತಲೆಯನ್ನು ನನ್ನ ಭುಜಕ್ಕೆ ಒರಗಿಸಿದರು. ಹೆಲ್ಮೆಟ್ ತೆಗೆದು ಅದರಿಂದಲೇ ಗಾಳಿ ಹಾಕಿದೆ. ಈ ಮನುಷ್ಯನಿಗೆ ಇಲ್ಲಿ ಏನಾದರೂ ಆಗಿಬಿಟ್ಟರೆ ಲೀಲಾ ಅವರ ಮುಂದೆ ಏನೆಂದು ಹೇಳಲಿ, ನೀರು ಕೊಡಲು ಬಂದಿದ್ದರು, ನಾವೇ ಬೇಡ ಎಂದೆವು ಎಂದೇ? ಡಾಕ್ಟರು ಕಣ್ಣು ಮುಚ್ಚಿಕೊಂಡೇ ಮೆಲ್ಲಗೆ, "ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಬೇಡಿ. ಆಲ್ಪ್ಸ್‌ನಲ್ಲಿ ನಾನು ಸೈಕಲ್ ಹೊಡೆಯಲಿಲ್ಲ. ಹೋಟೆಲ್ ಬಾಲ್ಕನಿಯಿಂದ ನೋಡಿದೆ ಅಷ್ಟೆ," ಎಂದರು. ನನ್ನ ಕಣ್ಣು ತುಂಬಿ ಬಂತು. ನನ್ನ ಬೆಟ್ಟದ ಕಥೆಯನ್ನೂ ಹೇಳಿ ಮನಸ್ಸು ಹಗುರ ಮಾಡಿಕೊಳ್ಳೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಕೆಳಗಿನ ತಿರುವಿನಿಂದ ಜಲ್ಲಿಯ ಮೇಲೆ ಚಕ್ರ ಉರುಳುವ ಸದ್ದು ಕೇಳಿತು.

ಆ ಬಿಳಿ ಕೂದಲಿನವರ ಅದೇ ಸೈಕಲ್ಲು, ಆದರೆ ಮೇಲೆ ಕೂತವರು ಬೇರೆ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಹ್ಯಾಂಡಲ್ಲಿಗೆ ಚೀಲ ನೇತುಹಾಕಿ, ಸೀಟಿನಿಂದ ಎದ್ದು ನಿಂತು ಪೆಡಲು ತುಳಿಯುತ್ತಾ ಸರೋಜಾ ಬರುತ್ತಿದ್ದಳು. ನಮ್ಮ ಮುಂದೆ ಒಂದು ಕಾಲು ಊರಿ ನಿಲ್ಲಿಸಿ ಚೀಲದಿಂದ ಮಜ್ಜಿಗೆಯ ಬಾಟಲಿ ತೆಗೆದಳು. "ಮೊದಲ ಇದನ್ನ ಕುಡೀರಿ. ಸಾವಕಾಶ. ಮಾತು ಆಮ್ಯಾಲೆ." ನೀರಿನಲ್ಲಿ ಕರವಸ್ತ್ರ ನೆನೆಸಿ ಡಾಕ್ಟರ ತಲೆಗೆ ಸುತ್ತಿದಳು. ಕೆಳಗಿಳಿದ ಆ ಅಮೆರಿಕನ್ ಹೆಂಗಸು, ಇಬ್ಬರು ಮಹನೀಯರು ಮರದ ಕೆಳಗೆ ಸ್ವಿಟ್ಜರ್ಲೆಂಡಿನ ಬಗ್ಗೆ ಚರ್ಚಿಸುತ್ತಿದ್ದಾರೆ, ಮುಖ ನೋಡಿದರೆ ಆರೋಗ್ಯ ಸರಿಯಿಲ್ಲ ಎಂದು ಹೇಳಿದ್ದರಂತೆ. ಇವಳು ಅವರ ಸೈಕಲ್ಲನ್ನೇ ಕೇಳಿ ಪಡೆದು ಹೊರಟುಬಿಟ್ಟಿದ್ದಳು.

ಡಾಕ್ಟರಿಗೆ ಮತ್ತೆ ಬೆವರು ಬಂದು, ಮಾತೂ ಬಂದ ಮೇಲೆ ನಾನು ಕೇಳಿದೆ: "ನಿನಗೆ ಸೈಕಲ್ ಬರುತ್ತೆ ಅಂತ ಒಂದು ದಿನಾನೂ ಹೇಳಲೇ ಇಲ್ವಲ್ಲ?"

"ನೀವು ಯಾವಾಗ ಕೇಳಿದ್ರಿ?" ಎಂದಳು. "ನಾಕು ವರ್ಷ ಸೈಕಲ್ ಮ್ಯಾಲೇ ಕಾಲೇಜಿಗೆ ಹೋಗೀನಿ. ಕಾಲೇಜು ಗುಡ್ಡದ ಮ್ಯಾಲಿತ್ತು."

ಮದುವೆಯಾಗಿ ಹದಿನಾರು ವರ್ಷ. ಆ ಹದಿನಾರು ವರ್ಷವೂ ಸೈಕಲ್ಲಿನ ಬಗ್ಗೆ ನಮ್ಮ ಮನೆಯಲ್ಲಿ ಮಾತಾಡಿದವನು ನಾನೊಬ್ಬನೇ. ಇಳಿಯುವಾಗ ಡಾಕ್ಟರು ನನ್ನ ಹೆಗಲು ಹಿಡಿದು ಕುಂಟಿದರು, ನಾನು ಸೈಕಲ್ಲಿಗೆ ಒರಗಿ ಕುಂಟಿದೆ. ಡಾಕ್ಟರ ಸೈಕಲ್ಲನ್ನು ಸರೋಜಾ ಎರಡನೇ ಸಲ ನಡೆದು ಮೇಲೆ ಬಂದು ಇಳಿಸಿದಳು. ಅವಳು ಇಳಿಜಾರಿನಲ್ಲಿ ಹೋಗುವುದನ್ನು ಹಿಂದಿನಿಂದ ನೋಡಿದೆ. ತಿರುವಿನಲ್ಲಿ ಜೋರಾಗಿ ನಕ್ಕಳು. ಆ ನಗು ನಾನು ಕೇಳಿದ್ದೇ ಇಲ್ಲ ಅನಿಸಿ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಈಗ ಪ್ರತಿ ಶನಿವಾರ ಅವಳೂ ಆ ಬಿಳಿ ಕೂದಲಿನ ಡೊರತಿಯೂ ಗುಡ್ಡ ಹತ್ತುತ್ತಾರೆ. ನನ್ನ ಸೈಕಲ್ಲಿನ ಸೀಟು ಎರಡು ಅಂಗುಲ ಕೆಳಗಿಳಿದಿದೆ, ಅದನ್ನು ನನ್ನದು ಎನ್ನುವುದೂ ಈಗ ಅಭ್ಯಾಸಬಲ. ಸುದ್ದಿ ಊರೆಲ್ಲ ಹಬ್ಬಿತು. ಕಳೆದ ಭಾನುವಾರ ದೀಪಾವಳಿ ಊಟದಲ್ಲಿ ಸ್ಯಾನ್ ಡಿಯಾಗೋದಿಂದ ಬಂದಿದ್ದ ವಿಮಲಾ ಎಂಬವರು, "ನಿಮ್ಮ ಮನೆಯವರು ಸೈಕಲ್ಲಲ್ಲಿ ಗುಡ್ಡ ಹತ್ತುತಾರಂತೆ! ಯಾರು ಕಲಿಸಿದ್ದು?" ಎಂದು ಕೇಳಿದರು. ಸುತ್ತ ಒಂದಷ್ಟು ಜನ ನಿಂತಿದ್ದರು. "ನಾನೇ, ಸ್ವಲ್ಪ ಬ್ಯಾಲೆನ್ಸು, ಸ್ವಲ್ಪ ಗೇರು ಹೇಳಿಕೊಟ್ಟೆ," ಎಂದು ನನ್ನ ಬಾಯಿ ಹೇಳಿತು. ಪಕ್ಕದಲ್ಲೇ ಸರೋಜಾ ಇದ್ದಳು. ನನ್ನ ಮಾನ ಕಳೆಯಲಿಲ್ಲ, ಅಷ್ಟರ ಮಟ್ಟಿಗೆ ಸಾಧ್ವಿ. ವಿಮಲಾ ತಮ್ಮ ಗಂಡ ನರಹರಿಗೂ ಕಲಿಸಬೇಕೆಂದು ಕೇಳಿಕೊಂಡಾಗ ಮಾತ್ರ, "ಈ ಶನಿವಾರ ಬರ್ರಿ, ಇವರು ಖಾಲೀನೇ ಇರ್ತಾರ," ಎಂದಳು.

ನರಹರಿ ನನಗಿಂತ ದಪ್ಪಗಿದ್ದಾರೆ ಎಂಬುದೊಂದೇ ಸಮಾಧಾನ. ಇವತ್ತು ಶುಕ್ರವಾರ, ಈಗಷ್ಟೇ ಫೋನ್ ಮಾಡಿದ್ದರು. "ಸರ್, ನಾಳೆ ಗುಡ್ಡದಲ್ಲಿ ನೀವು ಮುಂದೆ ಹೋಗ್ತೀರೋ, ನಾನು ಮುಂದೆ ಹೋಗ್ಬೇಕೋ?" ಎಂದು ಬಹಳ ವಿನಯದಿಂದ ಕೇಳಿದರು. ಕಲಿಸುವವನು ಯಾವಾಗಲೂ ಹಿಂದೆಯೇ ಇರಬೇಕು ಎಂದೆ. ಎಷ್ಟು ಹಿಂದೆ ಎಂದು ಅವರು ಕೇಳಲಿಲ್ಲ.