ಡ್ಯೂಟಿಯಲ್ಲಿರುವಾಗ ಅಪ್ಪ ಅಲ್ಲ

ನಗರಸಭೆ ಸದಸ್ಯರ ಕಾರಿನ ಡ್ರೈವರನಿಗೆ ಇದ್ದ ಕಾಯಿಲೆ ಒಂದೇ, ಬಾಯಿ. ಸದಸ್ಯರನ್ನು ಊರೆಲ್ಲ ಸುತ್ತಿಸುವುದು, ಸಂಜೆ ಅವರ ಮೊಮ್ಮಗಳನ್ನು ಶಾಲೆಯಿಂದ ಕರೆತರುವುದು, ಇಷ್ಟೇ ಅವನ ಕೆಲಸ. ಆದರೆ ಹಿಂದಿನ ಸೀಟಿನಿಂದ ಕಿವಿಗೆ ಬಿದ್ದದ್ದು ಅವನ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಹಿಂದಿನ ಕೆಲಸಗಳು ಹೋದದ್ದೂ ಈ ಬಾಯಿಯಿಂದಲೇ. "ಇದೂ ಹೋಯ್ತೋ, ಬಾಗಿಲು ತೆಗೆಯಲ್ಲ ನೋಡಿ!" ಎಂದು ಹೆಂಡತಿ ಖಡಾಖಂಡಿತವಾಗಿ ಹೇಳಿದ್ದಳು.

ಅಷ್ಟಾದರೂ ಮೊನ್ನೆ ಊಟಕ್ಕೆ ಕೂತಾಗ ಬಾಯಿ ಸುಮ್ಮನಿರಲಿಲ್ಲ. "ಸಾಹೇಬರು ಆಟದ ಮೈದಾನಕ್ಕೆ ಮಂಗಳ ಹಾಡ್ತಿದಾರೆ ಕಣೇ. ಅಲ್ಲಿ ಅಂಗಡಿ ಕಟ್ಟಿಸ್ತಾರಂತೆ. ಮಕ್ಕಳಿಗೇನು ಓಟಿದೆಯಾ, ಕೇಳೋರ್ಯಾರು ಅಂತ ಫೋನಲ್ಲಿ ನಗ್ತಿದ್ರು."

ಬೀದಿಯವರೆಲ್ಲ 'ಮೈಕು' ಎಂದು ಕರೆಯುವ ಮಗಳು ತುತ್ತು ನಿಲ್ಲಿಸಿ ಕೇಳಿಸಿಕೊಂಡಳು. ಗ್ರಹಚಾರ ಶುರುವಾದದ್ದು ಅಲ್ಲಿಂದ.

ಇವತ್ತು ಸದಸ್ಯರು ಸಭೆಯೊಂದಕ್ಕೆ ಹೊರಟಿದ್ದರು. ಭಾಷಣದ ವಿಷಯ, ಮಕ್ಕಳಿಗೆ ರಾಜಕೀಯ ಬೇಡ. "ಹಸುಗೂಸುಗಳನ್ನು ಬೀದಿಗೆಳೆಯುವವರಿಗೆ ಧಿಕ್ಕಾರ!" ಎಂದು ಹಿಂದಿನ ಸೀಟಿನಲ್ಲೇ ಅಭ್ಯಾಸ ನಡೆದಿತ್ತು. ಸಿಗ್ನಲಿನಲ್ಲಿ ಕಾರು ನಿಂತಾಗ ಪಕ್ಕದ ಮನೆಯ ಟೈಲರು ಓಡಿಬಂದು ಡ್ರೈವರನ ಕಿವಿಯಲ್ಲಿ ಉಸುರಿದ.

"ಮೈದಾನ ಉಳಿಸಿ ಅಂತ ಮಕ್ಕಳ ಮೆರವಣಿಗೆ ಬರ್ತಿದೆ. ಮುಂದೆ ನಿನ್ನ ಮಗಳೇ! ಏನು ಗಂಟಲಪ್ಪಾ ಅವಳದ್ದು!"

ಡ್ರೈವರನ ಜೀವ ಬಾಯಿಗೆ ಬಂತು. ಸಿಗ್ನಲ್ ಬಿಟ್ಟದ್ದೇ ಪಕ್ಕದ ಗಲ್ಲಿಗೆ ಕಾರು ತಿರುಗಿಸಿದ.

"ಈ ಕಡೆ ಯಾಕಯ್ಯಾ?" ಎಂದರು ಸದಸ್ಯರು.

"ಆ ಕಡೆ ರಸ್ತೆ ಅಗೆದಿದಾರೆ ಸಾರ್."

"ಅಗೆಯೋಕೆ ಸಹಿ ಹಾಕೋನು ನಾನು. ನನಗೇ ಗೊತ್ತಿಲ್ವಲ್ಲ!"

ಉತ್ತರ ಹುಡುಕುವಷ್ಟರಲ್ಲಿ ತರಕಾರಿಯವಳು ಬಾನೆಟ್ ತಟ್ಟಿದಳು. "ಇಲ್ಲೆಲ್ಲಿಗಪ್ಪಾ? ಮಕ್ಕಳು ಇದೇ ಗಲ್ಲೀಲಿ ಬರ್ತಿದಾವೆ!" ಡ್ರೈವರ್ ರಿವರ್ಸ್ ಹಾಕಿದ. ಹಿಂದೆ ಸಿಮೆಂಟಿನ ಲಾರಿ ಬಂದು ನಿಂತಿತ್ತು. ಮುಂದೆ ಮಗಳ ಗಂಟಲು ಕೇಳಿಸಿತು. "ನಮ್ಮ ಮೈದಾನ ನಮಗೆ ಬೇಕು!"

ಡ್ರೈವರನಿಗೆ ಉಳಿದದ್ದು ಒಂದೇ ಆಸರೆ. ಹಿಂದಿನ ಡ್ರೈವರನ ಮಗು ಓಡಿಬಂದು ಕಾರಿನ ಬಿಳಿ ಸೀಟಿಗೆ ಕೆಸರುಗೈ ಒರೆಸಿದ್ದಕ್ಕೆ ಅವನ ಕೆಲಸ ಹೋಗಿತ್ತು. ಅದಕ್ಕೇ ಇವನು ಸೇರಿದ ದಿನವೇ ಮಗಳಿಗೆ ಪಾಠ ಹೇಳಿದ್ದ. "ಡ್ಯೂಟೀಲಿರುವಾಗ ನಾನು ನಿನ್ನ ಅಪ್ಪ ಅಲ್ಲ. ನನ್ನ ಗುರುತೇ ಇಲ್ಲ ನಿನಗೆ. ತಿಳೀತಾ?" ಆ ಪಾಠ ಅವಳಿಗೆ ನೆನಪಿರಲಪ್ಪಾ ದೇವರೇ ಎಂದು ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದು ಕೂತ.

ಮಕ್ಕಳು ಕಾರನ್ನು ಸುತ್ತುವರಿದರು. ಸದಸ್ಯರು ಗಾಜು ಇಳಿಸಿದರು. "ಯಾರ ಮಗಳಮ್ಮಾ ನೀನು?"

ಮಗಳು ಡ್ರೈವರನ ಕಡೆ ನೋಡಿದಳು. ಅವನ ಅಂಗಿ ಬೆನ್ನಿಗೆ ಅಂಟಿತು.

"ಅವನನ್ನ್ಯಾಕೆ ನೋಡ್ತೀಯಾ? ಗೊತ್ತಾ ಅವನು?"

"ಗೊತ್ತಿಲ್ಲ. ಯಾರೋ ಡ್ರೈವರು," ಎಂದಳು ಮಗಳು, ಕಣ್ಣು ಮಿಟುಕಿಸದೆ.

ಬದುಕಿದೆಯಾ ಬಡಜೀವವೇ ಎಂದು ಅವನು ಉಸಿರು ಬಿಡುವಷ್ಟರಲ್ಲಿ ಮಕ್ಕಳ ಹಿಂದಿನಿಂದ ರಟ್ಟಿನ ಫಲಕ ಹಿಡಿದ ಇನ್ನೊಬ್ಬಳು ನುಗ್ಗಿ ಬಂದಳು.

"ತಾತಾ!"

ಸದಸ್ಯರ ಮೊಮ್ಮಗಳು! "ನೀನಿಲ್ಲೇನೇ? ಮಕ್ಕಳಿಗ್ಯಾಕೆ ರಾಜಕೀಯ?" ಎಂದು ತಾತ ಹೌಹಾರಿದರು.

"ಎಲೆಕ್ಷನ್ ಪೋಸ್ಟರಲ್ಲಿ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡಿದ್ರಲ್ಲ, ಅದೇನು ತಾತಾ?"

ಗಲ್ಲಿಗೆ ಗಲ್ಲಿಯೇ ನಕ್ಕಿತು. ಸದಸ್ಯರು ಹಲ್ಲು ಕಚ್ಚಿದರು. "ಮೈದಾನದ ವಿಷಯ ಯಾರು ಹೇಳಿದ್ದು ನಿನಗೆ?"

"ಡ್ರೈವರ್ ಮಾಮ. ಯಾರಿಗೂ ಹೇಳ್ಬೇಡ ಅಂದಿದ್ರು. ನಾನು ನಮ್ಮ ಕ್ಲಾಸಿಗೆ ಮಾತ್ರ ಹೇಳಿದೆ."

ಸುತ್ತಲೂ ಜನ ಫೋನು ಎತ್ತಿ ಹಿಡಿದಿದ್ದರು. ಸದಸ್ಯರು ಅದನ್ನು ನೋಡಿದವರೇ ಕೆಳಗಿಳಿದು, ಇಬ್ಬರು ಹುಡುಗಿಯರನ್ನೂ ಎಡಬಲಕ್ಕೆ ತಬ್ಬಿಕೊಂಡರು. "ಮೈದಾನ ಎಲ್ಲೂ ಹೋಗಲ್ಲ ಮಕ್ಕಳೇ! ನಾಳಿನ ನಾಯಕರು ನೀವೇ!" ಚಪ್ಪಾಳೆಯೋ ಚಪ್ಪಾಳೆ. ಡ್ರೈವರನೂ ಇಳಿದು, ಗಂಡಾಂತರ ಕಳೆಯಿತೆಂದು ಚಪ್ಪಾಳೆ ತಟ್ಟಿದ.

ಸದಸ್ಯರು ಫೋನುಗಳ ಕಡೆ ನಗುತ್ತಲೇ ಅವನತ್ತ ವಾಲಿದರು. "ಕೀ ಇಲ್ಲಿ ಕೊಡು. ನಾಳೆಯಿಂದ ಬರಬೇಡ."

ಮೊಮ್ಮಗಳನ್ನು ಕೂರಿಸಿಕೊಂಡು ಸದಸ್ಯರೇ ಕಾರು ಓಡಿಸಿಕೊಂಡು ಹೋದರು. ಮಗಳು ಮಾತ್ರ ಮಾರು ದೂರದಲ್ಲೇ ನಿಂತು ಮೆಲ್ಲಗೆ ಕೇಳಿದಳು.

"ಡ್ರೈವರ್ ಮಾಮಾ, ಡ್ಯೂಟಿ ಮುಗೀತಾ?"

"ಮುಗೀತು ತಾಯೀ."

"ಹಾಗಿದ್ರೆ ಅಪ್ಪಾ ಅಂತ ಕರೀಲಾ?"

"ಕರಿ. ಇನ್ನು ಯಾವಾಗ ಬೇಕಾದ್ರೂ ಕರಿ."

"ಅಪ್ಪಾ!" ಎಂದು ಅವಳು ಸಂತೋಷದಲ್ಲಿ ಕೂಗಿದಳು. ಮೈಕಿನ ಗಂಟಲಲ್ಲವೇ, ಆಚೆ ಬೀದಿಯ ಅವರ ಮನೆಗೂ ಕೇಳಿಸಿರಬೇಕು. ಇಬ್ಬರೂ ಕೈಹಿಡಿದು ಮನೆ ತಲುಪುವಷ್ಟರಲ್ಲಿ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು.