ಭಾವನ ಪಂಚೆಯ ಗೋಡೆ

ಈ ಗೋಡೆ ಮಾಡಿದ್ದು ನಮ್ಮಕ್ಕ ಎಂದು ಒಂದು ಮಾತು ಹೇಳಬೇಕಿತ್ತು. ನಾನು ಹೇಳಲಿಲ್ಲ. ಯಾಕೆ ಎನ್ನುವ ಮೊದಲು ನಮ್ಮಕ್ಕ ಎಂಥವಳು ಎಂದು ನಿಮಗೆ ಗೊತ್ತಾಗಬೇಕು. ಯಾರ ಮನೆಗೆ ಹೋದರೂ ಉಳಿದವರು ಮನೆಯವರನ್ನು ಮಾತಾಡಿಸುತ್ತಾರೆ. ನಮ್ಮಕ್ಕ ಮೊದಲು ಗೋಡೆ ಸವರುತ್ತಾಳೆ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಏಳನೇ ಕ್ಲಾಸಿಗೆ ಓದು ಬಿಟ್ಟ ನನ್ನನ್ನು ನೈರೋಬಿಗೆ ಕರೆಸಿ, ಅಲ್ಲಿನ ಎಂಬಕಸಿ ಬಡಾವಣೆಯ ಗೋದಾಮಿನಲ್ಲಿ ಕೆಲಸಕ್ಕೆ ಹಚ್ಚಿದ್ದು ಅಕ್ಕನೇ. ಭಾವ ಔಷಧ ಕಾರ್ಖಾನೆಯಲ್ಲಿ ಮ್ಯಾನೇಜರ್. ಹೈರಿಡ್ಜ್‌ನ ಅವರ ಫ್ಲ್ಯಾಟಿನಲ್ಲೇ ನನ್ನ ವಾಸ. ಅದಕ್ಕೆ ಬದಲಾಗಿ ನನ್ನ ಭಾನುವಾರಗಳೆಲ್ಲ ಅಕ್ಕನವು.

ಅವಳ ಹಾಲ್‌ನ ಗೋಡೆಗೆ ಮೊದಲು ಕೆನೆ ಬಣ್ಣ. ಅದು ಒಣಗಿದ ಮೇಲೆ ತೆಳ್ಳಗೆ ಕಲಸಿದ ಇಟ್ಟಿಗೆ ಬಣ್ಣವನ್ನು ನಾನು ರೋಲರಿನಲ್ಲಿ ಎಳೆಯಬೇಕು. ಅದು ಹಸಿಯಿರುವಾಗಲೇ ಅಕ್ಕ ಮುದುರಿದ ಬಟ್ಟೆಯನ್ನು ಒತ್ತುತ್ತಾ ಬರುತ್ತಾಳೆ. ಒತ್ತಿದಲ್ಲೆಲ್ಲ ಬಣ್ಣ ಎದ್ದು ಬಂದು, ಗೋಡೆ ಬಿಸಿಲಿಗೆ ಒಣಗಿದ ಎಲೆಯಂತೆ ಕಾಣುತ್ತದೆ. ಹೊಸ ಬಟ್ಟೆ ನೂಲು ಬಿಡುತ್ತದಂತೆ. ನೂರು ಸಲ ಒಗೆದ ಹತ್ತಿ ಬಟ್ಟೆಯೇ ಆಗಬೇಕು. ಅಂಥದ್ದು ಆ ಮನೆಯಲ್ಲಿ ಯಾರ ಬಳಿ ಇತ್ತು ಹೇಳಿ?

“ನನ್ನ ಪಂಚೆ ಎಲ್ಲಿ ಕಣೇ?” ಸ್ನಾನದ ಮನೆಯಿಂದ ಭಾವನ ದನಿ.

“ಅರ್ಧ ಬಕೆಟ್‌ನಲ್ಲಿದೆ ರೀ. ಇನ್ನರ್ಧ ನನ್ನ ಕೈಲಿದೆ.”

ಭಾವ ಅಂದು ಪ್ಯಾಂಟು ಹಾಕಿಕೊಂಡೇ ದೇವರಿಗೆ ದೀಪ ಹಚ್ಚಿದರು.

ಒಮ್ಮೆ ನಾನು ಟೀ ಕುಡಿಯಲೆಂದು ನಡುವೆ ರೋಲರ್ ಕೆಳಗಿಟ್ಟೆ. ಅಷ್ಟರಲ್ಲಿ ಬಳಿದ ಬಣ್ಣದ ಅಂಚು ಒಣಗಿ, ಗೋಡೆಯ ನಟ್ಟನಡುವೆ ಉದ್ದ ಗೆರೆ ಬಿತ್ತು.

“ಏನೋ, ಗೋಡೆಗೆ ಬೈತಲೆ ತೆಗೆದಿದೀಯ?”

ಇಡೀ ಗೋಡೆ ಮತ್ತೆ ಮೊದಲಿಂದ. ಅಷ್ಟೆಲ್ಲ ಮಾಡಿದ ಮೇಲೆ ಊಟಕ್ಕೆ ಬಂದ ಕನ್ನಡದವರೊಬ್ಬರು ಕೇಳಿದ್ದೇನು? “ಗೋಡೆಗೆ ತೇವ ಬಂದಿದೆಯೇನಮ್ಮಾ?”

ಆ ರಾತ್ರಿ ಪಾತ್ರೆ ತೊಳೆಯುತ್ತಾ ಅಕ್ಕ ಅಂದಳು, “ನಮ್ಮನೇದೂ ಮಾಡ್ಕೊಡ್ತೀರಾ ಅಂತ ಯಾರಾದ್ರೂ ಒಬ್ರು ಕೇಳ್ಲಿ ಕಣೋ. ಸಾಕು ನಂಗೆ.”

ಕೇಳಿದರು. ಭಾವನ ಮೇಲಿನ ಅಧಿಕಾರಿಯ ಹೆಂಡತಿ, ಲ್ಯಾವಿಂಗ್ಟನ್‌ನ ದೊಡ್ಡ ಬಂಗಲೆಯವರು. ಅಕ್ಕ ಅಡುಗೆಮನೆಯಲ್ಲಿ ಬಜ್ಜಿ ಕರಿಯುತ್ತಿದ್ದಾಗ ಅವರು ಗೋಡೆಗೆ ಕೈಯಿಟ್ಟು ನನ್ನನ್ನೇ ಕೇಳಿದರು.

“ಎಷ್ಟು ಬ್ಯೂಟಿಫುಲ್ ಆಗಿದೆ! ಯಾವ ಫುಂಡಿ ಮಾಡಿದ್ದು? ನಮ್ಮ ಹಾಲ್‌ಗೂ ಬೇಕಿತ್ತು.”

ಫುಂಡಿ ಅಂದರೆ ಇಲ್ಲಿ ಕೈಕಸುಬಿನವನು. ಮ್ಯಾನೇಜರ್ ಹೆಂಡತಿ ಬಣ್ಣ ಬಳಿಯುತ್ತಾಳೆ ಎಂದರೆ ನಮ್ಮವರೆಲ್ಲ ಏನಂದುಕೊಂಡಾರು? ಭಾವನ ಮರ್ಯಾದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಮ್ಯಾನೇಜರ್ ಬಾಮೈದ ಎಂದು ಎದೆಯುಬ್ಬಿಸಿ ತಿರುಗುತ್ತಿದ್ದವನು ನಾನು.

“ಅವನು ಮೊಂಬಾಸಾಗೆ ಹೋಗ್ಬಿಟ್ಟ ಮೇಡಂ.”

ಬಜ್ಜಿ ತಟ್ಟೆ ಹಿಡಿದು ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಮೇಡಂಗೆ ಬಡಿಸಿ, ನನ್ನ ತಟ್ಟೆಗೂ ಎರಡು ಬಜ್ಜಿ ಹಾಕಿದಳು.

ಮುಂದಿನ ಭಾನುವಾರ ನನ್ನನ್ನು ಯಾರೂ ಎಬ್ಬಿಸಲಿಲ್ಲ. ಅದರ ಮುಂದಿನ ಭಾನುವಾರವೂ ಅಷ್ಟೇ. ನಿದ್ದೆ ಮಾಡಬಹುದಿತ್ತಲ್ಲ, ಬರಲಿಲ್ಲ. ಮೂರನೆಯ ಭಾನುವಾರ ಭಾವನ ಡೈರಿಯಲ್ಲಿ ನಂಬರ್ ಹುಡುಕಿ, ಅಕ್ಕನ ಎದುರಿಗೇ ನಿಂತು ಲ್ಯಾವಿಂಗ್ಟನ್‌ಗೆ ಫೋನು ಮಾಡಿದೆ.

“ಮೇಡಂ, ಅವತ್ತು ಸುಳ್ಳು ಹೇಳ್ದೆ. ಆ ಕೆಲಸ ನಮ್ಮಕ್ಕಂದು.”

“ಅಯ್ಯೋ, ಹೋದ ವಾರ ಬೇರೆಯವರ ಕೈಲಿ ಮಾಡಿಸ್ಬಿಟ್ವಲ್ಲಪ್ಪಾ,” ಎಂದರು ಅವರು.

ಫೋನು ಇಟ್ಟೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

“ನಿನ್ನ ಹೆಸರು ಹೇಳೋಕೆ ನಾಚ್ಕೊಂಡೆ ಅಕ್ಕಾ,” ಎಂದೆ. “ತಪ್ಪಾಯ್ತು.”