ಹಲ್ಲು ಬರದ ಚೆಸ್ಟ್‌ನಟ್ ಗಿಡ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಪ್ಪು ನನ್ನದೇ. ಅಮ್ಮನ ನುಗ್ಗೆಮರದ ಬುಡಕ್ಕೆ ಕೊಡಲಿ ತರಿಸಿದವನು ನಾನು, ಅದೂ ನಾನು ಹುಟ್ಟಿದಾಗಿನಿಂದ ಒಮ್ಮೆಯೂ ಕಣ್ಣಲ್ಲಿ ಕಂಡಿರದ ಒಂದು ಮರದ ಸಲುವಾಗಿ. ಮನುಷ್ಯನಿಗೆ ಕಂಡಿರದ ವಸ್ತುವಿನ ಮೇಲೆ ಬರುವಷ್ಟು ಭರವಸೆ ದಿನಾ ಕಾಣುವ ವಸ್ತುವಿನ ಮೇಲೆ ಬರುವುದಿಲ್ಲ. ದಿನಾ ಸಾರಿಗೆ ಬೀಳುವ ನುಗ್ಗೆಕಾಯಿಗೆ ಯಾರು ಕೈಮುಗಿಯುತ್ತಾರೆ ಹೇಳಿ. ಇದೆಲ್ಲ ಮುಗಿದು ಈಗ ತಿಂಗಳುಗಳೇ ಆದವು. ಆದರೂ ನಾನು ನೆಟ್ಟದ್ದು ಯಾವುದು, ತಿಂದದ್ದು ಯಾವುದು ಎಂಬ ಲೆಕ್ಕ ನನಗೆ ಇನ್ನೂ ಸರಿಯಾಗಿ ಕೂಡಿಬಂದಿಲ್ಲ. ಕೂಡಿಸಿಕೊಂಡು ಹೋಗುವ ಕೆಲಸ ನಿಮ್ಮದು.

ನಮ್ಮೂರು ನಂದಗುಡಿ ಹೋಬಳಿಯಲ್ಲಿದೆ. ನನ್ನ ಕೆಲಸ ಹೊಸಕೋಟೆ ಹತ್ತಿರದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ. ಹೊರಗಿನಿಂದ ಬರುವ ಹಣ್ಣಿನ ಪೆಟ್ಟಿಗೆಗಳನ್ನು ಇಳಿಸಿಕೊಂಡು ತಣ್ಣನೆಯ ಕೋಣೆಗಳಲ್ಲಿ ಇಡಿಸುವುದು. ಸಂಬಳ ಬರುವುದು ಅದಕ್ಕೆ, ಹೆಸರು ಬಂದಿರುವುದು ಮಾತ್ರ ಮಿಮಿಕ್ರಿಗೆ. ಲಾರಿ ಹಿಂದಕ್ಕೆ ಬರುವಾಗ ಮಾಡುವ ಕೂಗಿನಿಂದ ಹಿಡಿದು ಪಕ್ಕದ ಮನೆಯ ಮುನಿರಾಜು ಮಾವ ಮಾತು ಶುರುಮಾಡುವ ಮುಂಚೆ ಕೆಮ್ಮುವ ಕೆಮ್ಮಿನವರೆಗೆ ಎಲ್ಲವೂ ನನ್ನ ಗಂಟಲಿನಲ್ಲಿವೆ. ಒಮ್ಮೆ ನಮ್ಮ ವಾಚ್‌ಮನ್ ನನ್ನ ಲಾರಿ ಕೂಗಿಗೆ ಬೆದರಿ, ಟೀ ಲೋಟದ ಸಮೇತ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಯುಗಾದಿಯ ಮರುವಾರ ಟೀ ಹೊತ್ತಿನಲ್ಲಿ ನಾನು ನಮ್ಮ ಮ್ಯಾನೇಜರ ದನಿ ತೆಗೆದಿದ್ದೆ. ಅವರು ಹಿಮಾಚಲದ ಬೆಟ್ಟದ ಕಡೆಯವರು. ಅವರ ಕನ್ನಡ ಹೇಗೆಂದರೆ, ಒಂದೊಂದು ಪದವನ್ನೂ ಲಾರಿಯಿಂದ ಕೆಳಗಿಳಿಸಿ, ಬೆವರೊರೆಸಿಕೊಂಡು, ಮುಂದಿನ ಪದಕ್ಕೆ ಕೈಹಾಕಿದಂತೆ. ನಗು ಜಾಸ್ತಿಯಾಗುತ್ತಾ ಹೋಯಿತು, ನಾನು ಇನ್ನೂ ಎರಡು ಪದ ಇಳಿಸಿದೆ. ಆಮೇಲೆ ನೋಡಿದರೆ ಅವರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

ಕೆಲಸ ಹೋಯಿತು ಅಂದುಕೊಂಡು ಅವರ ಹಿಂದೆ ಕ್ಯಾಬಿನ್ನಿಗೆ ಹೋದೆ. ಅವರು ಮೇಜಿನ ಖಾನೆಯಿಂದ ಒಂಬತ್ತು ಕಂದು ಬೀಜ ತೆಗೆದು ನನ್ನ ಅಂಗೈಗೆ ಹಾಕಿದರು. ಚೆಸ್ಟ್‌ನಟ್ ಅಂತೆ, ಮಿಮಿಕ್ರಿಗೆ ಬಹುಮಾನವಂತೆ. ತಮ್ಮ ಊರ ಮನೆಯ ಹಿಂದೆ ಇದರ ಮರವಿದೆ, ಚಳಿಗಾಲದಲ್ಲಿ ಕೆಂಡದ ಮೇಲೆ ಸುಟ್ಟು ತಿನ್ನುತ್ತೇವೆ ಎಂದು ಹೇಳುವಾಗ ಅವರ ದನಿ ಸ್ವಲ್ಪ ಮೆತ್ತಗಾಯಿತು. ನೆಟ್ಟರೆ ಬರುತ್ತದೆಯೇ ಎಂದು ಕೇಳಿದೆ. ಬರಬಹುದು ಎಂದರು. ಆದರೆ ಒಣಗಲು ಬಿಡಬಾರದು, ಆದರೆ ಒದ್ದೆ ಮರಳಿನಲ್ಲಿ ಎರಡು ತಿಂಗಳು ಫ್ರಿಜ್ಜಿನಲ್ಲಿಟ್ಟು ಚಳಿ ಕಾಣಿಸಬೇಕು, ಆದರೆ ಬೇರು ಮೂಡಿದ ಮೇಲೆ ನೆಟ್ಟರೂ ನಿಮ್ಮ ಕಡೆಯ ಬಿಸಿಲಿಗೆ ನಿಲ್ಲುತ್ತದೋ ಇಲ್ಲವೋ, ಆದರೆ ನಿಂತರೂ ಕಾಯಿ ಬಿಡಲು ಜೋಡಿ ಮರ ಬೇಕು ಎಂದು ನಾಲ್ಕು ‘ಆದರೆ’ ಸೇರಿಸಿದರು. ನಾನು ಆ ನಾಲ್ಕನ್ನೂ ಕೋಲ್ಡ್ ಸ್ಟೋರೇಜಿನಲ್ಲೇ ಬಿಟ್ಟು ‘ಬರಬಹುದು’ ಎಂಬುದೊಂದನ್ನು ಮಾತ್ರ ಮನೆಗೆ ತಂದೆ.

ಫೋನಿನಲ್ಲಿ ಹುಡುಕಿದೆ. ಗೊಂದಲದ ಬಾಗಿಲು ತೆರೆದದ್ದು ಅಲ್ಲಿಯೇ. ಚೆಸ್ಟ್‌ನಟ್ ಎಂದರೆ ಒಂದಲ್ಲ. ತಿನ್ನುವ ಮರದ್ದು ಒಂದು, ತಿಂದರೆ ಆಸ್ಪತ್ರೆಗೆ ಹೋಗಬೇಕಾದ ಕುದುರೆಯ ಹೆಸರಿನದು ಒಂದು, ಕೆರೆಯ ಕೆಸರಿನಲ್ಲಿ ಬೆಳೆಯುವುದು ಇನ್ನೊಂದು. ಅರ್ಧ ಗಂಟೆ ಕೆರೆಯದನ್ನೇ ಓದಿ, ನಮ್ಮ ತೊಟ್ಟಿಯನ್ನು ಕೆಸರು ಮಾಡುವುದು ಹೇಗೆಂದು ಯೋಚಿಸುತ್ತಿದ್ದೆ. ಕೊನೆಗೆ ಸರಿಯಾದ ವಿಡಿಯೋ ಸಿಕ್ಕಿತು. ನೀರಿಗೆ ಹಾಕಿದಾಗ ತೇಲುವುದು ಪೊಳ್ಳು ಎಂದರು. ಎರಡು ತೇಲಿದವು, ಎಸೆದೆ. ಉಳಿದ ಏಳನ್ನು ಐಸ್‌ಕ್ರೀಮ್ ಡಬ್ಬಿಯಲ್ಲಿ ಒದ್ದೆ ಮರಳಿನೊಳಗೆ ಹೂತು, ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಾತ್ರೆಯ ಪಕ್ಕ ಇಟ್ಟೆ. ಫ್ರಿಜ್ಜಿನಲ್ಲಿ ಮರಳು ಯಾಕೆ ಎಂದು ಅಮ್ಮ ಕೇಳಿದಳು. ವಿವರಿಸಿದೆ. ಅದರ ರುಚಿ ಹೇಗಿರುತ್ತದೆ ಎಂದಳು. ಸ್ವಲ್ಪ ಗೆಣಸು, ಸ್ವಲ್ಪ ಹಲಸಿನ ಬೀಜ, ಎರಡನ್ನೂ ಕಲೆಸಿದ ಹಾಗಂತೆ ಎಂದೆ. ಅವೆರಡೂ ಮನೆಯಲ್ಲೇ ಇವೆಯಲ್ಲ ಎಂದು ಅಮ್ಮ ಫ್ರಿಜ್ಜಿನ ಬಾಗಿಲು ಹಾಕಿದಳು.

ಬೀಜಕ್ಕೆ ಜಾಗ ಬೇಕಲ್ಲ. ನಮ್ಮ ಹಿತ್ತಿಲಲ್ಲಿ ಮರಕ್ಕೆ ಸಾಲುವ ಜಾಗ ಇರುವುದು ಒಂದೇ, ಅಲ್ಲಿ ಅಮ್ಮನ ನುಗ್ಗೆಮರವಿದೆ. ಅಮ್ಮ ಮದುವೆಯಾಗಿ ಬಂದ ವರ್ಷ ಅನುಗೊಂಡನಹಳ್ಳಿ ಕಡೆಯ ತವರಿನಿಂದ ಅದರ ಕೊಂಬೆಯೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ನೆಟ್ಟಿದ್ದಂತೆ. ತವರಿನ ತಾಯಿಮರ ಈಗಿಲ್ಲ, ಆ ಜಾಗದಲ್ಲಿ ಗೋಡೌನು ಎದ್ದಿದೆ. ನಮ್ಮ ಬೀದಿಯಲ್ಲಿ ಬಾಣಂತಿ ಇದ್ದರೆ ನುಗ್ಗೆಸೊಪ್ಪು ಹೋಗುವುದು ಈ ಮರದಿಂದ, ಯಾರ ಮನೆಗಾದರೂ ದಿಢೀರನೆ ನೆಂಟರು ಬಂದರೆ ಕಾಯಿ ಹೋಗುವುದೂ ಈ ಮರದಿಂದಲೇ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ವರ್ಷಕ್ಕೊಂದು ಸಲ ಅದರ ತುಂಬ ಕಂಬಳಿಹುಳ ಆಗುತ್ತವೆ. ಹೋದ ವರ್ಷ ಅವುಗಳಲ್ಲೊಂದು ಹಗ್ಗದ ಮೇಲೆ ಒಣಗುತ್ತಿದ್ದ ಅಪ್ಪನ ಬನಿಯನ್ನಿಗೆ ಸೇರಿಕೊಂಡು, ಬನಿಯನ್ನಿನ ಜೊತೆಗೇ ಅಪ್ಪನನ್ನೂ ಸೇರಿತ್ತು. ಅಪ್ಪ ಆ ದಿನವೆಲ್ಲ ಕುಣಿದದ್ದನ್ನು ನಾನು ಈಗಲೂ ಕೇಳಿದವರಿಗೆ ಮಾಡಿ ತೋರಿಸುತ್ತೇನೆ. ನುಗ್ಗೆ ತೆಗೆಸೋಣ ಎಂದು ಅಪ್ಪನಿಗೆ ಆ ನೆನಪನ್ನು ಎರಡು ದಿನ ತುರಿಸಿದೆ. ಮನೆ ಹತ್ತಿರದ ನುಗ್ಗೆಯಲ್ಲಿ ದೆವ್ವ ಕೂರುತ್ತದೆ ಎಂದು ಹಳಬರು ಹೇಳುವುದನ್ನೂ, ನಂಬಿಕೆಯಿಲ್ಲದಿದ್ದರೂ, ಉಪ್ಪಿನಕಾಯಿಯಂತೆ ಪಕ್ಕಕ್ಕೆ ಬಡಿಸಿದೆ. ಅಪ್ಪ ತೀರ್ಪು ಕೊಟ್ಟರು: ಗಿಡ ಬಂದು ಗೇಣುದ್ದ ಆಗಲಿ, ಆಮೇಲೆ ನುಗ್ಗೆ ತೆಗೆಸೋಣ, ಅಲ್ಲಿಯವರೆಗೆ ಈ ಮಾತು ಬೇಡ. ಅಮ್ಮ ಆ ವಾರ ನಾಲ್ಕು ದಿನ ನುಗ್ಗೆಕಾಯಿ ಸಾರು ಮಾಡಿದಳು, ಅಷ್ಟೆ.

ಎರಡು ತಿಂಗಳು ತುಂಬುವ ಹೊತ್ತಿಗೆ ಒಂದು ಗಾಳಿಮಳೆ ಬಂದು, ಕಂಬ ಬಿದ್ದು, ಎರಡು ದಿನ ಕರೆಂಟ್ ಇರಲಿಲ್ಲ. ಅಮ್ಮ ಫ್ರಿಜ್ಜಿನಲ್ಲಿದ್ದುದನ್ನೆಲ್ಲ ತೆಗೆದು ಅಡುಗೆಮನೆಯ ಮೂಲೆಗೆ ಜೋಡಿಸಿದಳು. ಇಲ್ಲಿಂದ ಮುಂದಿನದು ನನಗೆ ತಿಳಿದದ್ದು ಬಹಳ ತಡವಾಗಿ. ನಿಮಗೆ ಈಗಲೇ ಹೇಳಿಬಿಡುತ್ತೇನೆ, ಗೊಂದಲಕ್ಕೆ ನಾನೊಬ್ಬ ಸಾಕು. ಆ ಮೂಲೆ ನಮ್ಮ ಅಜ್ಜಿಯದು. ಅಪ್ಪನ ತಾಯಿಯಾದ ಈ ಅಜ್ಜಿ ಪ್ರತಿ ವರ್ಷ ಹಲಸಿನ ಕಾಲದಲ್ಲಿ ತಿಂದ ಹಣ್ಣಿನ ಬೀಜವನ್ನೆಲ್ಲ ಮೇಲಿನ ಬಿಳಿ ಸಿಪ್ಪೆ ಸುಲಿದು, ಮರಳು ತುಂಬಿದ ಮಣ್ಣಿನ ಮಡಕೆಯಲ್ಲಿ ಹೂತಿಡುತ್ತಾಳೆ, ಮಳೆಗಾಲದ ಸಾರಿಗೆ ಎಂದು. ಅವಳ ಕಣ್ಣಿಗೆ ಮಡಕೆಯ ಪಕ್ಕ ಒಂದು ಡಬ್ಬಿ, ಡಬ್ಬಿಯ ತುಂಬ ಮರಳು, ಮರಳಿನಲ್ಲಿ ಕಂದು ಬೀಜ ಕಂಡವು. ಸೊಸೆ ಬೀಜವನ್ನು ಎರಡು ಕಡೆ ಮಾಡಿದ್ದಾಳೆ, ಇದ್ಯಾವ ಅಚ್ಚುಕಟ್ಟು ಎಂದು ಡಬ್ಬಿಯನ್ನು ಮಡಕೆಗೆ ಸುರಿದುಕೊಂಡಳು. ನಮ್ಮ ಸೀಮೆಯ ಯಾವ ಅಜ್ಜಿಯನ್ನು ಕೂರಿಸಿದ್ದರೂ ಅದನ್ನೇ ಮಾಡುತ್ತಿದ್ದಳು. ಮರಳಿನಲ್ಲಿ ಚೆಸ್ಟ್‌ನಟ್ ಇರುತ್ತದೆ ಎಂದು ಊಹಿಸುವ ಅಜ್ಜಿ ಹೊಸಕೋಟೆ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ಮಾರನೆಯ ದಿನ ಮಡಕೆಗೆ ಕೈಹಾಕಿ, ಒಂದು ಹಿಡಿ ಬೀಜ ಜಜ್ಜಿ, ಬದನೆಕಾಯಿ ಜೊತೆ ಸಾರು ಮಾಡಿದಳು. ಈ ವರ್ಷ ಕೆಲವು ಬೀಜದ ಸಿಪ್ಪೆ ಚರ್ಮದ ಹಾಗಿದೆ, ಕಾಲ ಕೆಟ್ಟುಹೋಯಿತು ಎಂದು ಗೊಣಗಿದಳು. ಮುದ್ದೆ ಮುರಿಯುತ್ತಾ ನಾನು, ಅಜ್ಜಿ ಇವತ್ತಿನ ಬೀಜ ಸಕ್ಕರೆ, ಯಾರ ಮರದ್ದು ಎಂದು ಕೇಳಿ ಇನ್ನೊಂದು ಸೌಟು ಹಾಕಿಸಿಕೊಂಡೆ. ಊಟವಾದ ಮೇಲೆ ನನ್ನ ಡಬ್ಬಿಯ ನೆನಪಾಯಿತು. ಮರಳಿನ ಡಬ್ಬಿ ಎಲ್ಲಿ ಎಂದೆ. ಅಜ್ಜಿ ಪಾಪ, ಮೊಮ್ಮಗನಿಗೆ ಬೇಕಂತೆ ಎಂದು ಮಡಕೆಯಿಂದ ಮರಳೂ ಬೀಜವೂ ಬಗೆದು ಡಬ್ಬಿ ತುಂಬಿಸಿ ಕೊಟ್ಟಳು.

ತೆರೆದು ಎಣಿಸಿದೆ. ಹಾಕಿದ್ದು ಏಳು, ಇದ್ದದ್ದು ಹನ್ನೊಂದು. ಬುದ್ಧಿಯಿರುವವನು ಇಲ್ಲಿ ನಿಲ್ಲುತ್ತಿದ್ದ. ನಾನು ಮತ್ತೊಮ್ಮೆ ಎಣಿಸಿ, ಅವತ್ತು ಹೂಳುವಾಗ ತಪ್ಪಾಗಿ ಎಣಿಸಿದ್ದೆ ಎಂದು ತೀರ್ಮಾನಿಸಿದೆ. ಕೆಲವಕ್ಕೆ ಬೇರು ಬೇರೆ ಇಣುಕುತ್ತಿತ್ತು, ಆ ಸಂತೋಷದಲ್ಲಿ ಲೆಕ್ಕ ಯಾರಿಗೆ ಬೇಕು. ಚೂಪು ತುದಿ ಮೇಲಿರಲಿ ಎಂದು ಒಂದು ವಿಡಿಯೋ, ಕೆಳಗಿರಲಿ ಎಂದು ಇನ್ನೊಂದು, ಮಲಗಿಸಿ ಎಂದು ಮತ್ತೊಂದು. ಯಾರ ಮನಸ್ಸನ್ನೂ ನೋಯಿಸುವುದು ಬೇಡವೆಂದು ಹಾಲಿನ ಪ್ಯಾಕೆಟ್ಟುಗಳಿಗೆ ಮಣ್ಣು, ಗೊಬ್ಬರ ತುಂಬಿ ಮೂರು ತರಹವೂ ನೆಟ್ಟೆ. ಎಂಟು ಕೊಳೆತುಹೋದವು. ಮೂರು ತಲೆಯೆತ್ತಿದವು.

ನಾನು ಊರಿನಲ್ಲಿ ನಡೆಯುವ ಶೈಲಿ ಆಗಿನಿಂದ ಬದಲಾಯಿತು. ಡೈರಿಗೆ ಹಾಲು ಹಾಕಲು ಬಂದವರಿಗೆಲ್ಲ ಹಿಮಾಚಲದ ಮರ ಎಂದು ಹೇಳಿದೆ. ಮುನಿರಾಜು ಮಾವ ಬಂದು, ಕೆಮ್ಮಿ, ಹಲಸಿನ ಗಿಡ ಕಂಡ ಹಾಗೆ ಕಾಣುತ್ತಲ್ಲಪ್ಪಾ ಎಂದ. ದೂರದಿಂದ ನೋಡಿದರೆ ಎಲ್ಲ ಮಕ್ಕಳೂ ಒಂದೇ ಥರ ಮಾವ ಎಂದೆ. ಫೋಟೋ ತೆಗೆದು ಮ್ಯಾನೇಜರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, ಇಳಿಸಿ ನೋಡಿ, ಚೆಸ್ಟ್‌ನಟ್ ಎಲೆಯ ಅಂಚಿಗೆ ಗರಗಸದ ಹಾಗೆ ಹಲ್ಲಿರುತ್ತದೆ, ಇದಕ್ಕೆ ಹಲ್ಲೆಲ್ಲಿ ಎಂದರು. ಹಸುಗೂಸು ಸಾರ್, ಹಲ್ಲು ಇನ್ನೂ ಬರಬೇಕು ಎಂದೆ. ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. ಅದು ಮೆಚ್ಚುಗೆ ಎಂದುಕೊಂಡಿದ್ದೆ.

ಗಿಡ ಗೇಣುದ್ದವಾಯಿತು. ಅಪ್ಪ ಮಾತಿನ ಮನುಷ್ಯ, ಒಂದು ಭಾನುವಾರ ಬೆಳಿಗ್ಗೆ ಮುನಿರಾಜು ಮಾವನಿಗೆ ಕೊಡಲಿ ತರಲು ಹೇಳಿದರು. ಅಮ್ಮ ಅವತ್ತು ಎಂದಿನಂತೆ ನುಗ್ಗೆಸೊಪ್ಪು ಕಿತ್ತು, ಮೊರ ತಂದು, ಸರಿಯಾಗಿ ಮರದ ಬುಡಕ್ಕೇ ಬೆನ್ನು ಕೊಟ್ಟು ಕೂತು ಸೊಪ್ಪು ಬಿಡಿಸತೊಡಗಿದಳು. ಕೊಡಲಿ ಬಂದರೂ ಏಳಲಿಲ್ಲ. ಅವಳ ಬೆರಳು ದಿನದಂತೆ ಓಡುತ್ತಿರಲಿಲ್ಲ, ಒಂದೊಂದು ಕಡ್ಡಿಯ ಹತ್ತಿರವೂ ನಿಲ್ಲುತ್ತಿತ್ತು. ಅದನ್ನು ನೋಡಿ ಬೇಡ ಬಿಡಿ ಎನ್ನಲು ಬಾಯಿ ತೆರೆದೆ, ಆದರೆ ಊರಿಗೆಲ್ಲ ಹೇಳಿಕೊಂಡು ಬಂದವನು ಹಿಂದೆ ಸರಿಯುವುದು ಹೇಗೆ. ಮಾವನೂ ಕೊಡಲಿಯನ್ನು ಗೋಡೆಗೊರಗಿಸಿ, ಯಾರಿಗೋಸ್ಕರ ಕಡೀಬೇಕು ಅದನ್ನ ಮೊದಲು ತೋರಿಸು ಎಂದ. ಪ್ಯಾಕೆಟ್ ತಂದು ಕೊಟ್ಟೆ. ಅವನು ಒಂದು ಎಲೆ ಚಿವುಟಿ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದ. ಬೆಳ್ಳಗೆ ಹಾಲು, ಅಂಟಂಟು.

“ಏನಪ್ಪಾ ಇದು?” ಎಂದ.

“ನಮ್ಮ ಮಣ್ಣಿನ ಗುಣ ಇರ್ಬೇಕು ಮಾವ,” ಎಂದೆ, ನನಗೇ ಕೇಳಿಸದ ದನಿಯಲ್ಲಿ.

ಗದ್ದಲ ಕೇಳಿ ಅಜ್ಜಿ ಹೊರಗೆ ಬಂದಳು. ಗಿಡ ನೋಡಿದಳು, ನನ್ನನ್ನು ನೋಡಿದಳು. “ಅಯ್ಯೋ ಹುಚ್ಚಪ್ಪ, ನನ್ ಮಡಕೆ ಹಲಸಿನ್ ಬೀಜ ಕಣ್ಲಾ ಅದು. ಸಾರಿಗ್ ಕೇಳ್ತಾನೆ ಅಂತ ಕೊಟ್ರೆ ನೆಟ್ಟಿದ್ಯಾ?” ಎಂದಳು. ಆಮೇಲೆ ಡಬ್ಬಿಯ ಕಥೆ, ಮಡಕೆಯ ಕಥೆ, ಚರ್ಮದಂಥ ಸಿಪ್ಪೆಯ ಕಥೆ ಒಂದೊಂದಾಗಿ ಹೊರಬಿದ್ದವು. ಹಾಗಾದರೆ ಆ ಹಿಮಾಚಲದ್ದು ಎಲ್ಲಿ ಹೋಯಿತು ಎಂದು ಅಪ್ಪ ಕೇಳಿದರು. ಎಲ್ಲರೂ ಬದನೆಕಾಯಿ ಸಾರನ್ನು ನೆನೆಸಿಕೊಳ್ಳುತ್ತಿದ್ದರು. ಏಳರಲ್ಲಿ ಎಷ್ಟು ನಮ್ಮ ಹೊಟ್ಟೆಗೆ ಹೋದವು, ಎಷ್ಟು ಪ್ಯಾಕೆಟ್ಟಿನಲ್ಲಿ ಕೊಳೆತವು ಎಂಬುದಕ್ಕೆ ಇವತ್ತಿಗೂ ಉತ್ತರವಿಲ್ಲ. ಅಪ್ಪ ಮಾತ್ರ ನಿಧಾನವಾಗಿ, ರುಚಿಯಾಗೇ ಇತ್ತು ಎಂದರು.

ನಾನು ಅಲ್ಲಿಗೆ ಸುಮ್ಮನಾಗಬೇಕಿತ್ತು. ಆದರೆ ಸೋತ ಕಡೆ ಬೇರೆಯವರ ದನಿ ಎರವಲು ಪಡೆಯುವುದು ನನ್ನ ಅಭ್ಯಾಸ. ಗಂಟಲು ಸರಿಮಾಡಿಕೊಂಡು, ಮ್ಯಾನೇಜರ ದನಿಯಲ್ಲಿ, ಹಲಸೂ ಮರವೇ, ನೆರಳೂ ಕೊಡುತ್ತದೆ, ಹಣ್ಣೂ ಕೊಡುತ್ತದೆ, ಆದ್ದರಿಂದ ನುಗ್ಗೆಯ ಜಾಗವನ್ನು ಇದಕ್ಕೇ ಕೊಟ್ಟರೆ ಹೇಗೆ ಎಂದು ಒಂದೊಂದೇ ಪದ ಇಳಿಸತೊಡಗಿದೆ. ಅಪ್ಪ ಅರ್ಧ ನಕ್ಕರು, ಮುನಿರಾಜು ಮಾವ ಅಪ್ಪನ ಮುಖ ನೋಡುತ್ತಾ ಮತ್ತೆ ಕೊಡಲಿಯ ಹಿಡಿಗೆ ಕೈಹಾಕಿದ. ಆಗ ಅಮ್ಮ, ಮೊರದಿಂದ ತಲೆಯೆತ್ತದೆ, ಒಂದು ಮಾತು ಹೇಳಿದಳು. ಅದನ್ನು ಕೇಳಿ ಮಾವ ಕೊಡಲಿಯನ್ನು ಹೆಗಲಿಗೇರಿಸಿ, ನಗುವೋ ಕೆಮ್ಮೋ ತಿಳಿಯದಂತೆ ಸದ್ದು ಮಾಡುತ್ತಾ ಮನೆಗೆ ಹೊರಟ. ಅಪ್ಪ ಮರದ ಮಾತನ್ನು ಅವತ್ತಿನಿಂದ ಎತ್ತಿಲ್ಲ. ಅಮ್ಮ ಹೇಳಿದ್ದು ಇಷ್ಟೇ:

“ಎಲ್ರ ದನೀನೂ ಮಾಡ್ತೀಯ ಕಣೋ. ಎಲ್ಲಿ, ಬುದ್ಧಿ ಇರೋನ್ ದನಿ ಒಂದ್ಸಲ ಮಾಡು, ಕೇಳಾಣ.”